ಅಪ್ಪ ಅಮ್ಮ ಸಿಂಗಾಪುರಕ್ಕೆ ಬರ್ತಿದಾರೆ, ಮೊಟ್ಟೆನೂ ತಿನ್ನಲ್ಲ, ಹಾಕರ್ ಸೆಂಟರಲ್ಲಿ ಏನು ತಿನ್ನಿಸ್ಲಿ?

ಅರಸೀಕೆರೆ_ಟು_ಪುಂಗೋಲ್

ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ ಅಮ್ಮ ಊರಿಂದ ಬರ್ತಿದಾರೆ, ಇಪ್ಪತ್ತೆಂಟು ದಿನ ಇರ್ತಾರೆ. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಈಗ ಪೂರ್ತಿ ತೆಂಗಿನ ತೋಟ. ಇಬ್ರೂ ಹುಟ್ಟಾ ಸಸ್ಯಾಹಾರಿಗಳು, ಮೊಟ್ಟೆ ಕೂಡ ಇಲ್ಲ, ಅಮ್ಮ ಸೋಮವಾರ ಆದ್ರೆ ಈರುಳ್ಳಿ ಬೆಳ್ಳುಳ್ಳಿನೂ ಮುಟ್ಟಲ್ಲ.

ಹೋದ್ಸಲ ಬಂದಾಗ ನಾನಿನ್ನೂ ಇಲ್ಲಿಗೆ ಹೊಸಬ, ಹೆದ್ರಿಕೆಗೆ ಹದಿನಾಲ್ಕು ದಿನದಲ್ಲಿ ಹನ್ನೊಂದು ದಿನ ಲಿಟಲ್ ಇಂಡಿಯಾಕ್ಕೇ ಕರ್ಕೊಂಡು ಹೋಗಿ ದೋಸೆ ಇಡ್ಲಿ ಬಾಳೆಎಲೆ ಊಟ, ಮತ್ತೆ ದೋಸೆ. ಕೊನೆ ದಿನ ಏರ್‌ಪೋರ್ಟಲ್ಲಿ ಅಪ್ಪ ಸುಮ್ನೆ ಒಂದು ಮಾತು ಅಂದ್ರು, "ದೋಸೆ ತಿನ್ನೋಕೆ ನಾಲ್ಕೂವರೆ ಗಂಟೆ ವಿಮಾನದಲ್ಲಿ ಕೂತ್ಕೋಬೇಕಾಗಿತ್ತೇನಪ್ಪ, ನಮ್ಮ ಸ್ಟೇಷನ್ ಎದುರಿಗೇ ಸಿಗತ್ತಲ್ಲ". ಬೈದಿದ್ರೆ ಮರ್ತೋಗ್ತಿತ್ತು, ನಗ್ತಾ ಅಂದಿದ್ದಕ್ಕೆ ಇನ್ನೂ ಕೊರೀತಿದೆ.

ಈ ಸಲ ಇಲ್ಲಿನ ಜನ ದಿನಾ ಕೂತು ತಿನ್ನೋ ಜಾಗ ತೋರಿಸ್ಬೇಕು ಅಂತ ಆಸೆ. ನಾನು ಎಲ್ಲಾ ತಿಂತೀನಿ, ಆಫೀಸ್ ಊಟ ದಿನಾ ಹಾಕರ್ ಸೆಂಟರಲ್ಲೇ (ಒಂದೇ ಸೂರಿನ ಕೆಳಗೆ ಸಾಲಾಗಿ ಊಟದ ಸ್ಟಾಲ್‌ಗಳು), ಆದ್ರೆ ಸಸ್ಯಾಹಾರಿ ಕಣ್ಣಲ್ಲಿ ಆ ಜಾಗ ಯಾವತ್ತೂ ನೋಡಿಲ್ಲ. ಯಾವ ಸ್ಟಾಲ್, ಏನು ಕೇಳ್ಬೇಕು, ಏನು ಮುಟ್ಟಲೇಬಾರ್ದು?

ಇನ್ನೊಂದು ವಿಷ್ಯ, ಇಲ್ಲಿ ಯಾರೂ ನನ್ನ ಮುಖ ನೋಡಿಲ್ಲ ಅಂತ ಧೈರ್ಯವಾಗಿ ಬರೀತಿದೀನಿ. ಹೋದ್ಸಲ ಬೆಳಿಗ್ಗೆ ಬೆಳಿಗ್ಗೆ ಮನೆ ಕೆಳಗಿನ ಕಾಫಿ ಶಾಪಿಂದ ಕಾಯಾ ಟೋಸ್ಟ್ ತಂದ್ಕೊಡ್ತಿದ್ದೆ, ತೆಂಗಿನ ಜಾಮ್ ಅಂತ. ತೆಂಗು ಅಂದ ತಕ್ಷಣ ಅಪ್ಪಂಗೆ ಖುಷಿ. ನಾಲ್ಕು ದಿನ ತಂದೆ. ಅವ್ರು ವಾಪಸ್ ಹೋಗಿ ಎರಡು ವಾರಕ್ಕೆ ಆಫೀಸಲ್ಲಿ ಒಬ್ಳು ಹೇಳಿದ್ಳು, ಕಾಯಾ ಅಂದ್ರೆ ತೆಂಗಿನ ಹಾಲು, ಸಕ್ಕರೆ, ಪರಿಮಳಕ್ಕೆ ಪಾಂಡನ್ ಅನ್ನೋ ಎಲೆ ಮತ್ತೆ ಮೊಟ್ಟೆ, ಮೊಟ್ಟೆನೇ ಅದನ್ನ ಗಟ್ಟಿ ಮಾಡೋದು ಅಂತ. ಇವತ್ತಿನವರೆಗೂ ಮನೇಲಿ ಹೇಳಿಲ್ಲ. ಹೇಳ್ಬೇಕಾ?

ಟೋವಾಪಾಯೋ_ಹಳಬ

ಹೇಳ್ಬೇಡಿ. ಮುಗೀತು ಆ ವಿಷ್ಯ.

ಈಗ ಊಟದ್ದು. ಹದಿನೇಳು ವರ್ಷದಿಂದ ಇಲ್ಲಿದೀನಿ, ನಮ್ಮತ್ತೆ ಮಾವ ಮೈಸೂರಿಂದ ಐದು ಸಲ ಬಂದು ಹೋಗಿದಾರೆ, ಪ್ರತಿ ಸಲ ಏನೋ ಒಂದು ಎಡವಟ್ಟಾಗಿ ಕಲ್ತಿದ್ದು ಇದು. ಮೊದಲನೇದು, "ನೋ ಮೀಟ್" ಅಂದ್ರೆ ಇಲ್ಲಿ ಸಸ್ಯಾಹಾರ ಅಂತ ಅರ್ಥ ಅಲ್ಲ. ಸ್ಟಾಲ್ ಅಂಕಲ್ ಪಾಪ ತಲೆ ಆಡಿಸ್ತಾರೆ, ಕಣ್ಣಿಗೆ ಕಾಣೋ ತುಂಡುಗಳನ್ನ ಎತ್ತಿ ಪಕ್ಕಕ್ಕಿಡ್ತಾರೆ, ಆದ್ರೆ ಸಾರು ಅದೇ ಮೂಳೆ ಬೇಯಿಸಿದ ಸಾರು. ಮೋಸ ಅಲ್ಲ ಅದು, ಅವ್ರ ಲೆಕ್ಕದಲ್ಲಿ ಮಾಂಸ ಅಂದ್ರೆ ತಟ್ಟೇಲಿ ಕಾಣೋದು, ಅಷ್ಟೇ. ಬರೀ ಸೊಪ್ಪಿನ ಪಲ್ಯ ಅಂತ ತಗೊಂಡ್ರೂ ಮೇಲೆ ಆಯ್ಸ್ಟರ್ ಸಾಸ್, ಅಂದ್ರೆ ಚಿಪ್ಪುಮೀನಿನ ಸಾಸ್, ಸುರಿದಿರ್ತಾರೆ. ಸಂಬಾಲ್ ಚಟ್ನಿ ಕೆಂಪಗೆ ನಮ್ಮ ಮೆಣಸಿನಕಾಯಿ ಚಟ್ನಿ ಥರಾನೇ ಇರತ್ತೆ, ಅದ್ರಲ್ಲಿ ಬೆಲಚಾನ್, ಅಂದ್ರೆ ಸೀಗಡಿ ಕೊಳೆಸಿ ಮಾಡಿದ ಮುದ್ದೆ. ಲಕ್ಸಾ ಅನ್ನೋ ಶಾವಿಗೆ ಸಾರಲ್ಲಿ ಒಣ ಸೀಗಡಿ. ಯೋಂಗ್ ತಾವ್ ಫೂ ಅಂಗಡೀಲಿ ಟೋಫು, ಬದನೆಕಾಯಿ, ಬೆಂಡೆಕಾಯಿ, ಹಾಗಲಕಾಯಿ ಎಲ್ಲಾ ಚೆಂದ ಜೋಡಿಸಿಟ್ಟಿರ್ತಾರೆ, ನಮ್ಮ ಮಾವ ನೋಡಿ ಎಣ್ಣೆಗಾಯಿ ಸಿಕ್ತು ಅಂತ ಕುಣಿದ್ರು, ಒಳಗಡೆ ತುಂಬಿರೋದು ಮೀನಿನ ಹಿಟ್ಟು. ಕ್ಯಾರೆಟ್ ಕೇಕ್ ಅಂತ ಬೋರ್ಡ್ ನೋಡಿದ್ರೆ ಸೀದಾ ಮುಂದಕ್ಕೆ ಹೋಗಿ, ಅದ್ರಲ್ಲಿ ಕ್ಯಾರೆಟ್ಟೂ ಇಲ್ಲ, ಅದು ಕೇಕೂ ಅಲ್ಲ, ಮೂಲಂಗಿ ಅಕ್ಕಿಹಿಟ್ಟು ಸೇರಿಸಿ ಬೇಯ್ಸಿ ತುಂಡು ಮಾಡಿ ಮೊಟ್ಟೆ ಒಡ್ದು ಹುರೀತಾರೆ.

ಎಲ್ಲಕ್ಕಿಂತ ಕಳ್ಳ ಅಂದ್ರೆ ವಡೆ. ನಮ್ಮ ಉದ್ದಿನ ವಡೆ ಮಾಡೋ ಸ್ಟಾಲಲ್ಲೇ ಪಕ್ಕದ ತಟ್ಟೇಲಿ ಮೇಲೊಂದು ಸೀಗಡಿ ಅಂಟಿಸಿದ ವಡೆ ಇರತ್ತೆ, ಇಲ್ಲಿ ಅದಕ್ಕೇ ಹೆಚ್ಚು ಗಿರಾಕಿ, ಎರಡೂ ಕರಿಯೋದು ಅದೇ ಬಾಣಲೇಲಿ.

ಹಾಗಾದ್ರೆ ತಿನ್ನೋದೇನು ಅಂದ್ರೆ, ಚೈನೀಸ್ ವೆಜಿಟೇರಿಯನ್ ಸ್ಟಾಲ್. ಸುಮಾರು ದೊಡ್ಡ ಹಾಕರ್ ಸೆಂಟರುಗಳಲ್ಲಿ ಒಂದಾದ್ರೂ ಇರತ್ತೆ. ಬೋರ್ಡಲ್ಲಿ ಎರಡು ಚೈನೀಸ್ ಅಕ್ಷರ, ಓದಿದ್ರೆ "ಸು ಶಿ" ಅಂತಾರೆ, ಜಪಾನಿನ ಮೀನಿನ ಸುಶಿ ಅಲ್ಲ, ಇದ್ರ ಅರ್ಥ ಸಸ್ಯಾಹಾರ. ಫೋನಲ್ಲಿ ಆ ಎರಡು ಅಕ್ಷರದ ಫೋಟೋ ಇಟ್ಕೊಂಡು ಬೋರ್ಡಿಗೆ ಹೋಲಿಸಿ ನೋಡಿ ಸಾಕು. ಇವ್ರು ಸಾಮಾನ್ಯವಾಗಿ ಬೌದ್ಧ ಪದ್ಧತಿಯೋರು, ಹೆಚ್ಚಿನವ್ರು ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ, ನಿಮ್ಮಮ್ಮನ ಸೋಮವಾರಕ್ಕೆ ಹೇಳಿ ಮಾಡ್ಸಿದ್ ಹಾಗಿದೆ. ಆದ್ರೆ ಸೋಮವಾರ ಅಂದ್ರೇನೇ ಇಲ್ಲಿ ತುಂಬಾ ಸ್ಟಾಲ್‌ಗಳಿಗೆ ರಜ, ಅದೊಂದು ಮೊದ್ಲೇ ನೋಡ್ಕೊಂಡು ಹೋಗಿ. ಚೈನೀಸ್ ತಿಂಗಳ ಮೊದಲನೇ ದಿನ ಹದಿನೈದನೇ ದಿನ, ಅಂದ್ರೆ ಅಮಾವಾಸ್ಯೆ ಹುಣ್ಣಿಮೆ ಆಸುಪಾಸು, ಆ ಸ್ಟಾಲ್ ಮುಂದೆ ಉದ್ದ ಕ್ಯೂ, ಎಲ್ಲಾ ಅಜ್ಜಿಯಂದಿರು, ವ್ರತ. ನಮ್ಮತ್ತೆ ಇದನ್ನ ಕೇಳಿ "ಹಾಗಾದ್ರೆ ಇವ್ರೂ ನಮ್ಮವರೇ ಬಿಡು" ಅಂದು ಅವತ್ತಿಂದ ಆರಾಮಾಗಿ ತಿಂದ್ರು.

ಬೆಳಿಗ್ಗೆ ಬೀ ಹೂನ್ ತಗೊಳ್ಳಿ, ಅಕ್ಕಿ ಶಾವಿಗೆ ಒಗ್ಗರಣೆನೇ, ಜೊತೆಗೆ ಎಲೆಕೋಸು, ಕರಿದ ಸೋಯಾ ಹಾಳೆ. ಮಧ್ಯಾಹ್ನ ಆದ್ರೆ ಅನ್ನ, ಮೇಲೆ ಎರಡು ಮೂರು ಪಲ್ಯ ಬೆರಳು ತೋರಿಸಿ ಹಾಕ್ಸ್ಕೊಳ್ಳೋದು. ನಾಲ್ಕೈದು ಡಾಲರಲ್ಲಿ ಹೊಟ್ಟೆ ತುಂಬತ್ತೆ. ಒಂದೇ ಎಚ್ಚರಿಕೆ, ಅವ್ರು ಗೋಧಿ ಅಂಟು, ಸೋಯಾದಲ್ಲಿ ಹಂದಿ, ಬಾತುಕೋಳಿ, ಮೀನು ಎಲ್ಲಾ ಅಚ್ಚು ಹೊಡ್ದಂಗೆ ಮಾಡಿರ್ತಾರೆ, ಚರ್ಮ ಸಮೇತ. ಮೊದ್ಲೇ ಹೇಳದೇ ತಟ್ಟೆ ಮುಂದಿಟ್ರೆ ನಿಮ್ಮಪ್ಪ ಎದ್ದೋಗ್ತಾರೆ. ಆ ನಕಲಿ ಮಾಂಸದ ಕೆಲವು ಬಗೇಲಿ ಮೊಟ್ಟೆ ಬಿಳಿನೂ ಇರತ್ತೆ, ಆದ್ರಿಂದ ಅದು ಬಿಟ್ಟು ತರಕಾರಿ, ಟೋಫು ಕಡೆ ಕೈ ತೋರಿಸಿ.

ಧಾರವಾಡ_ಫೇಡೆ

ಮ್ಯಾಲಿನವ್ರು ಎಲ್ಲಾ ಹೇಳ್ಯಾರ, ನಂದೊಂದು ಪ್ರಾಟಾ ಕಥಿ ಕೇಳ್ರಿ. ನಮ್ಮವ್ವ ಬಂದಾಗ ರೋಟಿ ಪ್ರಾಟಾ ತಿನ್ನಿಸ್ಬೇಕಂತ ಕರ್ಕೊಂಡ ಹೋದ್ನಿ, ಅದು ನಮ್ಮ ಪರೋಟಾನ ಅಲ್ಲೇನ್ರಿ, ಹಿಟ್ಟು ಗಾಳ್ಯಾಗ ಬೀಸಿ ಬೀಸಿ ಮಾಡೂದು ನೋಡಾಕ ಅವ್ವಗ ಭಾಳ ಸೇರ್ತು, ನಿಂತ ನೋಡ್ಕೋತ ಇದ್ಲು. ಪ್ಲೇಟ್ ಬಂತು, ಜೋಡಿಗೆ ಬಟ್ಟಲದಾಗ ಕೆಂಪು ಸಾರು. ಅವ್ವ ಒಂದ ತುತ್ತು ಅದ್ದಿ ಬಾಯಿ ಹತ್ರ ಒಯ್ಯೂದ್ರಾಗ ನನಗ ವಾಸನಿ ಬಡೀತು, ಮೀನಿಂದು! ಕೈಯಾಗಿಂದ ಕಸಗೊಂಡೆ. ಪ್ರಾಟಾ ಜೋಡಿ ಕೇಳದನ ಕೊಡೂದು ಮೀನಿನ ಸಾರು ಇಲ್ಲಾ ಕೋಳಿ ಸಾರು, ನೀವ ಮೊದಲ ಬಾಯಿ ಬಿಟ್ಟು "ದಾಲ್" ಅನ್ನಬೇಕು. ಸಕ್ರಿ ಕೊಡ್ರಿ ಅಂದ್ರೂ ಕೊಡ್ತಾರ, ಇಲ್ಲಿ ಮಂದಿ ಹಂಗೂ ತಿಂತಾರ. ಹಿಟ್ಟಿಗೆ ಕೆಲವ್ರು ತತ್ತಿ ಹಾಕ್ತಾರ, ಕೇಳ್ರಿ. ನಮ್ಮವ್ವ ಇವತ್ತಿಗೂ ಊರಾಗ ಎಲ್ಲಾರಿಗೂ ಹೇಳ್ತಾಳ, "ನನ್ನ ಮಗ ಬಾಯಾಗಿನ ತುತ್ತು ಕಸಗೊಂಡ" ಅಂತ. ಯಾಕ ಅನ್ನೂದು ಹೇಳಂಗಿಲ್ಲ!

ಇನ್ನ ಕಾಫಿ. ಮೇಷ್ಟ್ರು ಅಂದ್ರಿ, ಹಾಸನ ಜಿಲ್ಲಾ ಅಂದ್ರಿ, ಅಂದ ಮ್ಯಾಲ ಫಿಲ್ಟರ್ ಕಾಫಿ ಚಟ ಇದ್ದೇ ಇರತೈತಿ. ಇಲ್ಲಿ ಅದಕ್ಕ ಕೋಪಿ ಅಂತಾರ, ಬೀಜ ಹುರಿಯೂವಾಗ ಸಕ್ರಿ, ಬೆಣ್ಣಿ ಇಲ್ಲಾ ಮಾರ್ಗರೀನ್ ಹಾಕಿ ಕರ್ರಗ ಮಾಡ್ತಾರ, ಉದ್ದನ್ನ ಬಟ್ಟಿ ಚೀಲದಾಗ ಸೋಸ್ತಾರ. ಬರೇ "ಕೋಪಿ" ಅಂದ್ರ ಕಂಡೆನ್ಸ್ಡ್ ಮಿಲ್ಕ್ ಹಾಕಿ ಬಾಯಿ ಅಂಟುವಷ್ಟು ಸಿಹಿ. "ಕೋಪಿ ಓ" ಅಂದ್ರ ಹಾಲಿಲ್ಲ, ಸಕ್ರಿ ಐತಿ. "ಕೋಪಿ ಸಿ" ಅಂದ್ರ ಡಬ್ಬಿಯ ಸಿಹಿ ಇಲ್ಲದ ಗಟ್ಟಿ ಹಾಲು, ಸಕ್ರಿ. ಯಾವುದರ ಹಿಂದ "ಕೊಸೋಂಗ್" ಹಚ್ಚಿದ್ರ ಸಕ್ರಿ ಬ್ಯಾಡ, ಮಲಯ್ ಭಾಷಾದಾಗ ಖಾಲಿ ಅಂತ ಅರ್ಥ. "ಸ್ಯೂ ದಾಯ್" ಅಂದ್ರ ಸಕ್ರಿ ಕಡಿಮಿ, "ಗಾವ್" ಅಂದ್ರ ಸ್ಟ್ರಾಂಗ್, "ಪೆಂಗ್" ಅಂದ್ರ ಐಸ್. ನಿಮ್ಮಪ್ಪಗ "ಕೋಪಿ ಸಿ ಗಾವ್ ಸ್ಯೂ ದಾಯ್" ಕಲಿಸ್ರಿ, ಅದ ನಮ್ಮ ಕಾಫಿಗೆ ಹತ್ರ ಬರ್ತೈತಿ. ಪೂರಾ ಹತ್ರ ಅಲ್ಲ, ಗಲ್ಲಿ ಬಿಟ್ಟು ಗಲ್ಲಿ. ಶುಂಠಿ ಚಹಾ ಬೇಕಂದ್ರ "ತೇ ಹಾಲಿಯಾ".

ಕಡಲತಡಿ

ಎಲ್ಲರೂ ಏನು ತಿನ್ನಬಾರ್ದು ಅಂತಲೇ ಹೇಳ್ತಾ ಇದ್ದೀರಿ ಮಾರಾಯ್ರೆ, ಪಾಪ ಅವರು ಊಟಕ್ಕೆ ಕೇಳಿದ್ದು.

ಪುಟು ಮಾಯಂ ಉಂಟು, ಹುಡುಕಿ ತಿನ್ನಿಸಿ. ಅದು ನಮ್ಮ ಒತ್ತು ಶ್ಯಾವಿಗೆಯೇ, ಕಾಯಿತುರಿ, ಮೇಲೆ ಕಂದು ಸಕ್ಕರೆ. ಕೆಲವು ಕಡೆ ಸಕ್ಕರೆಗೆ ಕಿತ್ತಳೆ ಬಣ್ಣ ಹಾಕ್ತಾರೆ, ನೋಡುವಾಗ ಸ್ವಲ್ಪ ಹೆದರಿಕೆ ಆಗ್ತದೆ, ರುಚಿ ಒಳ್ಳೆದುಂಟು. ಪುಟು ಪಿರಿಂಗ್ ಅಂತ ಇನ್ನೊಂದು, ಅಕ್ಕಿಹಿಟ್ಟಿನ ಹಬೆ ಕಡುಬು, ಮಧ್ಯದಲ್ಲಿ ಗುಲಾ ಮೆಲಾಕಾ. ಈ ಗುಲಾ ಮೆಲಾಕಾ ಅಂದ್ರೆ ತೆಂಗಿನ ಮರದ ಕಳ್ಳಿನಿಂದ, ಅಲ್ಲ ಕಳ್ಳು ಹುಳಿ ಬರುವ ಮೊದಲಿನ ನೀರಾದಿಂದ, ಕಾಯಿಸಿದ ಬೆಲ್ಲ. ತೆಂಗಿನ ತೋಟದವರಿಗೆ ಇದನ್ನು ತೋರಿಸದೆ ಬೇರೆ ಏನು ತೋರಿಸುದು ನೀವು? ಚೆಂಡೋಲ್ ತೆಗೆದುಕೊಳ್ಳಿ, ಐಸ್ ತುರಿ, ತೆಂಗಿನ ಹಾಲು, ಪಾಂಡನ್ ಹಾಕಿದ ಹಸಿರು ಶ್ಯಾವಿಗೆ ತುಂಡು, ಮೇಲೆ ಈ ಬೆಲ್ಲದ ಪಾಕ. ಅದು ಕುಡಿದ ಮೇಲೆ ನಾನು ಊರಿನ ರಾಗಿಮಣ್ಣಿ ನೆನಪು ಮಾಡಿಕೊಂಡು ಬೇಜಾರಾಗಿದ್ದೆ ಒಂದು ಸಂಜೆ ಪೂರ್ತಿ.

ಮತ್ತೆ ಟುಟು ಕುಯೆ, ಹೂವಿನ ಅಚ್ಚಿನಲ್ಲಿ ಬೇಯಿಸಿದ ಸಣ್ಣ ಸಣ್ಣ ಅಕ್ಕಿ ಕಡುಬು, ಒಳಗೆ ನೆಲಕಡಲೆ ಅಥವಾ ಕಾಯಿ ಹೂರಣ. ತಾವ್ ಹುವೇ, ಅಂದ್ರೆ ಸೋಯಾ ಹಾಲಿನ ಮೆತ್ತಗಿನ ಗಿಣ್ಣು, ಸಕ್ಕರೆ ಪಾಕದಲ್ಲಿ, ಹಲ್ಲಿಲ್ಲದವರೂ ತಿನ್ನಬಹುದು. ಕಬ್ಬಿನ ಹಾಲು ಬಹಳ ಕಡೆ ಸಿಗ್ತದೆ.

ಇನ್ನೊಂದು, ಲೇ ಚಾ. ಹಕ್ಕಾ ಅನ್ನುವ ಚೀನೀ ಜನರದ್ದು, ಥಂಡರ್ ಟೀ ರೈಸ್ ಅಂತ ಬೋರ್ಡ್ ಇರ್ತದೆ. ಅನ್ನದ ಮೇಲೆ ನಾಲ್ಕೈದು ಬಗೆ ಸೊಪ್ಪು ತರಕಾರಿ ಸಣ್ಣಗೆ ಹೆಚ್ಚಿ ಹಾಕಿ, ನೆಲಕಡಲೆ, ಟೋಫು, ಪಕ್ಕದಲ್ಲಿ ಒಂದು ಬಟ್ಟಲು ಹಸಿರು ಸಾರು, ಚಹಾ ಎಲೆ, ಪುದೀನ, ತುಳಸಿ ಜಾತಿಯ ಸೊಪ್ಪು ಎಲ್ಲಾ ಅರೆದು ಬಿಸಿನೀರು ಹೊಯ್ದದ್ದು. ತಂಬುಳಿ ಬಿಸಿ ಮಾಡಿದ್ರೆ ಹೇಗಿದ್ದೀತು, ಹಾಗೆ. ಅದರಲ್ಲಿ ಸಣ್ಣ ಒಣಮೀನು ಉದುರಿಸ್ತಾರೆ, "ನೋ ಇಕಾನ್ ಬಿಲಿಸ್" ಅಂತ ಮೊದಲೇ ಹೇಳಬೇಕು, ಸಸ್ಯಾಹಾರಿ ಸ್ಟಾಲಿನಲ್ಲೇ ಸಿಕ್ಕಿದ್ರೆ ಇನ್ನೂ ಒಳ್ಳೆದು. ಇಷ್ಟ ಆಗುದಿದ್ರೆ ತುಂಬಾ ಇಷ್ಟ ಆಗ್ತದೆ, ಇಲ್ಲದಿದ್ರೆ ಕಷಾಯ ಕೊಟ್ಟ ಅಂತ ಬೈತಾರೆ.

ನಿಷ್ಠುರವಾದಿ_ನಾಗಮಂಗಲ

ಒಂದು ಮಾತು ಕೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಅರವತ್ತೈದು ಎಪ್ಪತ್ತು ವರ್ಷ ಒಂದು ರೀತಿ ಬದುಕಿದೋರನ್ನ ಯಾಕ್ರೀ ಹೀಗೆ ಪರೀಕ್ಷೆಗೆ ಹಾಕ್ತೀರ? ಅಪ್ಪ ತಮಾಷೆಗೆ ಒಂದು ಮಾತು ಅಂದ್ರೆ ನೀವು ಸೀರಿಯಸ್ಸಾಗಿ ಹೊರಟಿದೀರ. ಪಕ್ಕದ ಸ್ಟಾಲಲ್ಲಿ ಹಂದಿ ಹೆಚ್ಚೋ ಶಬ್ದ, ಎದುರುಗಡೆ ಕೊಕ್ಕೇಲಿ ಬಾತುಕೋಳಿ ಕತ್ತು ಸಮೇತ ನೇತಾಡ್ತಿರತ್ತೆ, ಅದ್ರ ನಡುವೆ ಕೂತು ನೀವು ಕೊಡೋ ಶಾವಿಗೆ ಗಂಟಲಲ್ಲಿ ಇಳಿಯತ್ತಾ? ನಮ್ಮಮ್ಮನ ಒಂದ್ಸಲ ಕರ್ಕೊಂಡು ಹೋಗಿ ಹತ್ತೇ ನಿಮಿಷಕ್ಕೆ ವಾಪಸ್ ಬಂದಿದೀನಿ, ಸೆರಗು ಮೂಗಿಗಿಟ್ಟವರು ಎಂಆರ್‌ಟಿ ರೈಲು ಹತ್ತೋವರೆಗೂ ತೆಗೀಲಿಲ್ಲ.

ಲಿಟಲ್ ಇಂಡಿಯಾದ ಸೆರಂಗೂನ್ ರೋಡಲ್ಲಿ ಕೋಮಲ ವಿಲಾಸ್ ಹೋಟ್ಲು ಇದೆ, 1947ರಿಂದ ನಡೀತಿದೆ. ಆನಂದ ಭವನ್ ಅದಕ್ಕಿಂತ ಹಳೇದು, 1924. ಅದೇ 1924ರಲ್ಲಿ ಬೆಂಗಳೂರಲ್ಲಿ ಶುರುವಾದ ನಮ್ಮ ಎಂಟಿಆರ್ ಇಲ್ಲಿಗೂ 2013ರಲ್ಲಿ ಬಂದಿದೆ, ಪೆರುಮಾಳ್ ದೇವಸ್ಥಾನದ ಹತ್ರ. ದರ್ಶನ ಮಾಡ್ಕೊಂಡು ಬಿಸಿಬೇಳೆ ಬಾತ್ ತಿಂದು ಮನೆಗೆ ಹೋಗಿ. ಇವೂ ಸಿಂಗಾಪುರನೇ ಅಲ್ವಾ? ನೂರು ವರ್ಷದಿಂದ ನಡೀತಿರೋ ಹೋಟ್ಲು ಪರಕೀಯ, ಬೀ ಹೂನ್ ಮಾತ್ರ ಅಸಲಿ ಸಿಂಗಾಪುರ ಅನ್ನೋ ಲೆಕ್ಕ ನನಗರ್ಥ ಆಗಲ್ಲ.

ಟೋವಾಪಾಯೋ_ಹಳಬ

ಕೊನೇ ಮಾತು ಒಪ್ಪಿದೆ ಸ್ವಾಮಿ, ಅದು ನಿಜ. ಆದ್ರೆ ಅವ್ರಪ್ಪನೇ ಬಾಯಿಬಿಟ್ಟು ಬೇರೆ ಬೇಕು ಅಂದಿದಾರಲ್ಲ. ವಯಸ್ಸಾದೋರಿಗೆ ಹೊಸದು ಬೇಡ ಅಂತ ನಾವೇ ತೀರ್ಮಾನ ಮಾಡೋದು ಯಾಕೆ? ನಮ್ಮ ಮಾವಂಗೆ ಊಟಕ್ಕಿಂತ ಅಲ್ಲಿ ಕೂತು ಜನ ನೋಡೋದೇ ಖುಷಿ. ಟೇಬಲ್ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟು ಹೋದ್ರೆ ಆ ಸೀಟು ಬುಕ್ಕಾದ ಹಾಗೆ, ಯಾರೂ ಮುಟ್ಟಲ್ಲ, ಇದನ್ನ ನೋಡಿ ಅವ್ರು "ನಮ್ಮ ಬಸ್ಸಲ್ಲಿ ಕಿಟಕಿಯಿಂದ ಟವಲ್ ಹಾಕೋದು ಇದೇ ಅಲ್ವಾ, ಇಲ್ಲಿ ಮಾತ್ರ ಜಗಳ ಇಲ್ಲ" ಅಂತ ಊರಿಗೆಲ್ಲ ಫೋನ್ ಮಾಡಿ ಹೇಳಿದ್ರು.

ಅಂದಹಾಗೆ ತಿಂದಾದ್ಮೇಲೆ ತಟ್ಟೆ ನೀವೇ ಎತ್ತಿ ಟ್ರೇ ಸ್ಟ್ಯಾಂಡಿಗೆ ಇಡ್ಬೇಕು, 2021ರ ಸೆಪ್ಟೆಂಬರಿಂದ ಕಡ್ಡಾಯ, ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಸಿಕ್ಕಿಬಿದ್ರೆ 300 ಡಾಲರ್ ದಂಡ. ಹಲಾಲ್ ಟ್ರೇಗೆ ಬೇರೆ ಸ್ಟ್ಯಾಂಡ್ ಇರತ್ತೆ, ಬೋರ್ಡ್ ನೋಡಿ ಇಡಿ.

ಜುರಾಂಗ್_ಅಕ್ಕ

ಗಂಡಸ್ರೆಲ್ಲ ಏನು ತಿನ್ನೋದು ಅಂತ ಪಟ್ಟಿ ಕೊಟ್ರಿ, ಹೋಗೋದು ಹೇಗೆ, ಕೂರೋದು ಎಲ್ಲಿ ಅಂತ ಯಾರೂ ಹೇಳ್ಲಿಲ್ಲ. ಮೊದಲನೇದು, ಹನ್ನೆರಡೂವರೆಗೆ ಕರ್ಕೊಂಡು ಹೋಗ್ಬೇಡಪ್ಪ, ಆಫೀಸಿನೋರೆಲ್ಲ ಬಂದಿರ್ತಾರೆ, ಸೀಟಿಗೆ ನಿಂತ್ಕೋಬೇಕು, ಸೆಕೆ ಬೇರೆ. ಹತ್ತೂವರೆ ಹನ್ನೊಂದಕ್ಕೆ ಹೋಗು, ಫ್ಯಾನ್ ಕೆಳಗಿನ ಟೇಬಲ್ ಹಿಡಿ, ಸಸ್ಯಾಹಾರಿ ಸ್ಟಾಲ್ ಹತ್ರಾನೇ ಕೂರ್ಸು, ಹುರಿಯೋ ಅಂಗಡಿಗಳಿಂದ ದೂರ. ಅಮ್ಮನ ಬೆನ್ನು ಬಾತುಕೋಳಿ ಕಡೆಗಿರ್ಲಿ, ಮುಖ ರಸ್ತೆ ಕಡೆಗಿರ್ಲಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯತ್ತೆ. ನೀರು ಯಾರೂ ತಂದಿಡಲ್ಲ, ಬಾಟ್ಲಿ ತಗೊಂಡು ಹೋಗು. ಚಮಚ ಮನೇದೇ ಬೇಕು ಅಂದ್ರೆ ತರ್ಲಿ ಬಿಡು, ಅದಕ್ಕೆ ನಾಚ್ಕೋಬೇಡ, ನಮ್ಮತ್ತೆ ಸ್ಟೀಲ್ ತಟ್ಟೆನೇ ತರ್ತಿದ್ರು, ಸ್ಟಾಲ್ ಆಂಟಿ ಅದ್ರಲ್ಲೇ ಬಡಿಸಿ ಕೊಡ್ತಿದ್ಲು. ಕೈಯಲ್ಲಿ ಎರಡು ಡಾಲರಿನ ನೋಟು ಇಟ್ಕೊಂಡಿರ್ಲಿ, ಎಲ್ರೂ ಫೋನಲ್ಲೇ ದುಡ್ಡು ಕೊಡ್ತಾರೆ ಅಂದ್ಕೊಂಡು ಹೋದ್ರೆ ಕೆಲವು ಹಳೇ ಅಂಕಲ್‌ಗಳು ಕ್ಯಾಶ್ ಮಾತ್ರ. ಮೂರು ತಿಂಗಳಿಗೊಂದ್ಸಲ ಕ್ಲೀನಿಂಗ್ ಅಂತ ಇಡೀ ಸೆಂಟರ್ ಮುಚ್ತಾರೆ, ಹೋಗೋ ಮುಂಚೆ ಚೆಕ್ ಮಾಡು. ಪಾರಿವಾಳ, ಮೈನಾ ಹಕ್ಕಿಗಳು ತಟ್ಟೆಗೇ ಬಾಯಿ ಹಾಕ್ತಾವೆ, ಹುಷಾರು.

ನಿಜವಾಗ್ಲೂ ಒಂದೇ ಜಾಗ ಹೇಳು ಅಂದ್ರೆ ನಾನು ಹೇಳೋದು ವಾಟರ್ಲೂ ಸ್ಟ್ರೀಟ್, ಬುಗಿಸ್ ಹತ್ರ. ಅಲ್ಲಿ ಗ್ವಾನ್ ಯಿನ್ ದೇವಿಯ ದೊಡ್ಡ ಚೈನೀಸ್ ದೇವಸ್ಥಾನ, ಅದ್ರ ಪಕ್ಕದಲ್ಲೇ ಶ್ರೀಕೃಷ್ಣನ್ ದೇವಸ್ಥಾನ. ಚೈನೀಸ್ ಜನ ಅಲ್ಲಿ ಪೂಜೆ ಮುಗ್ಸಿ ಹಾಗೇ ಬಂದು ಕೃಷ್ಣನ ಮುಂದೆನೂ ಊದುಬತ್ತಿ ಹಿಡ್ಕೊಂಡು ಕೈಮುಗೀತಾರೆ. ನಿಮ್ಮಮ್ಮ ಅದನ್ನ ನೋಡಿದ ಮೇಲೆ ಆ ಜನ ಮಾಡಿದ ಊಟ ಬೇಡ ಅನ್ನಲ್ಲ, ಬರೆದಿಟ್ಕೋ. ಅಲ್ಲೇ ಎರಡು ಹೆಜ್ಜೆಗೆ ಫಾರ್ಚೂನ್ ಸೆಂಟರ್ ಅಂತ ಹಳೇ ಬಿಲ್ಡಿಂಗ್, ಅದರೊಳಗೆ ಸಸ್ಯಾಹಾರಿ ಅಂಗಡಿಗಳೇ ಸಾಲಾಗಿವೆ. ಹಾಕರ್ ಸೆಂಟರ್ ಅಲ್ಲ ಅದು, ಆದ್ರೆ ಊಟ ಅದೇ ಥರ, ಪಕ್ಕದಲ್ಲಿ ಹಂದಿ ಹೆಚ್ಚೋ ಶಬ್ದ ಇರಲ್ಲ (ನಾಗಮಂಗಲದವರ ಅಮ್ಮನೂ ಅಲ್ಲಿಗೆ ಬರ್ಬೋದು). ಅಲ್ಲಿ ಶುರು ಮಾಡು, ಆಮೇಲೆ ಬೇಕಾದ್ರೆ ದೊಡ್ಡ ಸೆಂಟರಿಗೆ.

ಲಾವ್ ಪಾ ಸಾಟ್ ಅನ್ನೋ ಹಳೇ ಹಾಕರ್ ಸೆಂಟರ್ ನೋಡ್ಬೇಕು ಅಂದ್ರೆ ಬೆಳಿಗ್ಗೆ ಹೊತ್ತು ಹೋಗಿ. 1894ರ ಎರಕದ ಕಬ್ಬಿಣದ ಕಟ್ಟಡ, ಎಂಟು ಮೂಲೆ, ಮೇಷ್ಟ್ರಿಗೆ ಇಷ್ಟ ಆಗತ್ತೆ. ಸಂಜೆ ಏಳರ ಮೇಲೆ ಪಕ್ಕದ ಬೀದೀನೇ ಮುಚ್ಚಿ ಮಾಂಸ ಸುಡ್ತಾರೆ, ಹೊಗೆ ಆಕಾಶದೆತ್ತರ. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಲ್ಲಿ ದೋಸೆ ಅಪ್ಪಂ ಚೆನ್ನಾಗಿದೆ, ಆದ್ರೆ ಮೀನು ಕುರಿ ಮಾರೋ ಮಾರ್ಕೆಟ್ಟೂ ಅದೇ ನೆಲಮಹಡೀಲಿ, ಯಾವ ಬಾಗ್ಲಿಂದ ಒಳಗೆ ಹೋಗ್ತೀಯ ಅನ್ನೋದು ಮುಖ್ಯ.

ಕಾಯಾ ವಿಷ್ಯ ನಾನು ಹೇಳಿಬಿಡು ಅಂತೀನಿ. ಅಮ್ಮಂದಿರಿಗೆ ಗೊತ್ತಾಗ್ದೇ ಇರಲ್ಲ.

ಅರಸೀಕೆರೆ_ಟು_ಪುಂಗೋಲ್

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರ್ದಿದ್ದೀರ ಅಂತ ಪ್ರಿಂಟ್ ತೆಗ್ದು ಇಟ್ಕೊಂಡಿದೀನಿ. ನಾಗಮಂಗಲ ಸರ್, ನಿಮ್ಮ ಮಾತು ತಳ್ಳಿ ಹಾಕ್ತಿಲ್ಲ, ಮೊದಲ ಎರಡು ದಿನ ಸೆರಂಗೂನ್ ರೋಡೇ. ಅಕ್ಕ, ಕಾಯಾ ಬಗ್ಗೆ ಧೈರ್ಯ ಬರ್ತಿಲ್ಲ, ನೋಡೋಣ.

ಅರಸೀಕೆರೆ_ಟು_ಪುಂಗೋಲ್ (ಆರು ವಾರದ ನಂತರ)

ಅಪ್ಪ ಅಮ್ಮ ಮೊನ್ನೆ ವಾಪಸ್ ಹೋದ್ರು, ವರದಿ ಒಪ್ಪಿಸ್ತಿದೀನಿ.

ವಾಟರ್ಲೂ ಸ್ಟ್ರೀಟಿಂದ ಶುರು ಮಾಡಿದ್ವಿ. ಅಕ್ಕ ಹೇಳಿದ್ ಹಾಗೇ ಆಯ್ತು, ಕೃಷ್ಣನ ಗುಡಿ ಮುಂದೆ ಒಬ್ರು ಚೈನೀಸ್ ಅಜ್ಜಿ ಅಮ್ಮನ ಕೈಗೆ ಊದುಬತ್ತಿ ಕೊಟ್ಟು ನೀನೂ ಹಿಡ್ಕೋ ಅಂತ ಸನ್ನೆ ಮಾಡಿದ್ರು, ಇಬ್ರಿಗೂ ಒಬ್ರ ಭಾಷೆ ಒಬ್ರಿಗೆ ಬರಲ್ಲ, ಹತ್ತು ನಿಮಿಷ ಮಾತಾಡಿದ್ರು. ಆಮೇಲೆ ಫಾರ್ಚೂನ್ ಸೆಂಟರಲ್ಲಿ ಅಮ್ಮ ಮರು ಮಾತಾಡ್ದೇ ಶಾವಿಗೆ ತಿಂದ್ರು, ಉಪ್ಪು ಕಮ್ಮಿ ಅಂದ್ರು ಅಷ್ಟೇ. ಲೇ ಚಾ ಮಾತ್ರ ಫೇಲು. ಕಡಲತಡಿ ಅವ್ರೆ, ಅಪ್ಪ ನಿಮ್ಮ ತಂಬುಳಿ ಹೋಲಿಕೆ ಕೇಳಿ ಒಂದು ಗುಟುಕು ಕುಡ್ದು "ತಂಬುಳಿಗೆ ಅವಮಾನ ಮಾಡ್ಬಾರ್ದು" ಅಂತ ಬಟ್ಟಲು ನನ್ನ ಕಡೆ ತಳ್ಳಿದ್ರು. ಚೆಂಡೋಲ್ ಪಾಸು, ಆದ್ರೆ ಅಲ್ಲೂ ಮೇಷ್ಟ್ರು ಬಿಡ್ಲಿಲ್ಲ, ಒಂದು ಸ್ಟಾಲಲ್ಲಿ ಚಮಚ ಬಾಯಿಗಿಟ್ಟು ಇದು ಡಬ್ಬಿ ಹಾಲು ಅಂದ್ರು, ಇನ್ನೊಂದ್ಕಡೆ ಇದು ಹಿಂಡಿದ ಹಾಲು ಅಂದ್ರು, ನಾನು ಹೋಗಿ ಕೇಳಿದ್ರೆ ಎರಡೂ ಸರಿ. ಅವತ್ತಿಂದ ಎಲ್ಲಿ ಹೋದ್ರೂ ತೆಂಗಿನ ಪರೀಕ್ಷೆ. ಅಮ್ಮ ಮೊದಲ ವಾರ ಎಲ್ಲಾನೂ ರೂಪಾಯಿಗೆ ಲೆಕ್ಕ ಹಾಕ್ತಿದ್ರು, "ಒಂದು ಲೋಟ ಕಬ್ಬಿನ ಹಾಲಿಗೆ ಇಷ್ಟಾ" ಅಂತ, ಎರಡನೇ ವಾರಕ್ಕೆ ಬಿಟ್ರು, ಯಾಕಂದ್ರೆ ಮಾಲ್ ಒಳಗಿನ ಒಂದು ಎಸಿ ರೆಸ್ಟೋರೆಂಟಲ್ಲಿ ಬಿಲ್ ನೋಡಿದ್ರು, ಮೇಲೆ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜು, ಅದ್ರ ಮೇಲೆ ಒಂಬತ್ತು ಪರ್ಸೆಂಟ್ ಜಿಎಸ್‌ಟಿ. "ಆ ಬೀದಿ ಅಂಗಡಿನೇ ವಾಸಿ, ಬರ್ದಿರೋದೇ ರೇಟು" ಅಂದ್ರು. ಬೀದಿ ಅಂಗಡಿ ಅಲ್ಲಮ್ಮ, ಇವ್ರೆಲ್ಲ ಮುಂಚೆ ಬೀದೀಲೇ ಇದ್ರು, ಎಪ್ಪತ್ತು ಎಂಬತ್ತರ ದಶಕದಲ್ಲಿ ಸರ್ಕಾರ ಒಂದೊಂದೇ ಸೂರಿನ ಕೆಳಗೆ ತಂದು ನಲ್ಲಿ ಚರಂಡಿ ಮಾಡಿಕೊಟ್ಟಿದ್ದು, 2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ ಅಂತ ನಾನು ಪಾಠ ಶುರು ಮಾಡಿದ್ರೆ ಮೇಷ್ಟ್ರು ಮಧ್ಯಕ್ಕೆ ಬಾಯಿ ಹಾಕಿ "ನಮ್ಮೂರ ಸಂತೇಗೂ ಒಂದು ನಲ್ಲಿ ಹಾಕ್ಸಿ ಅಂತ ಎಷ್ಟು ಅರ್ಜಿ ಬರ್ದಿದೀನಿ ಗೊತ್ತಾ" ಅಂತ ಅರ್ಧ ಗಂಟೆ.

ಧಾರವಾಡ ಸರ್, ನಿಮ್ಮ ಕಾಫಿ ಮಂತ್ರ ಅಪ್ಪ ಚೀಟೀಲಿ ಕನ್ನಡದಲ್ಲಿ ಬರ್ಕೊಂಡು ಜೇಬಲ್ಲಿಟ್ಕೊಂಡಿದ್ರು. ಮೂರನೇ ವಾರದಿಂದ ಬೆಳಿಗ್ಗೆ ಆರೂವರೆಗೆ ಒಬ್ರೇ ಕೆಳಗಿನ ಕಾಫಿ ಶಾಪಿಗೆ ಹೋಗಿ ಕೂತು ಬರ್ತಿದ್ರು, ನಾನು ಎದ್ದು ಹುಡುಕ್ಕೊಂಡು ಹೋದ್ರೆ ಅಲ್ಲಿ ಒಬ್ರು ಮಲಯ್ ಅಜ್ಜ, ಒಬ್ರು ತಮಿಳು ಅಂಕಲ್ ಜೊತೆ ಟೇಬಲ್ ಹಿಡ್ದಿದಾರೆ. ಟಿಶ್ಯೂ ಪ್ಯಾಕೆಟ್ ಬದ್ಲು ಅಪ್ಪನ ಕನ್ನಡಕದ ಡಬ್ಬಿ. ಕಾಫಿ ಅಂಕಲ್ ನನ್ನ ನೋಡಿ "ಯುವರ್ ಫಾದರ್ ಆಹ್? ಎವ್ರಿಡೇ ಕಂಪ್ಲೇಂಟ್ ಮೈ ಕೋಪಿ, ಎವ್ರಿಡೇ ಕಮ್" ಅಂದ್ರು.

ಈಗ ಕಾಯಾ. ಕೊನೇ ಭಾನುವಾರ ಅದೇ ಕಾಫಿ ಶಾಪಲ್ಲಿ ಮೂರೂ ಜನ ಕೂತಿದ್ವಿ, ಅಪ್ಪ ಟ್ರೇ ಇಡೋಕೆ ಎದ್ದೋದ್ರು. ಪಕ್ಕದ ಟೇಬಲ್ಲಿಗೆ ಕಾಯಾ ಟೋಸ್ಟ್ ಬಂತು, ಜೊತೆಗೆ ಅರ್ಧ ಬೆಂದ ಮೊಟ್ಟೆ ಎರಡು. ಅಮ್ಮ ಅದನ್ನೇ ನೋಡ್ತಾ "ಹೋದ್ಸಲ ನೀನು ತರ್ತಿದ್ದ ಬ್ರೆಡ್ಡು ಅದೇ ಅಲ್ವೇನೋ" ಅಂದ್ರು. ನನಗೆ ಬೆವರು. ಹೇಳಿಬಿಡೋಣ ಅಂತ ಬಾಯಿ ತೆಗ್ದೆ, ಅಷ್ಟರಲ್ಲಿ ಅವ್ರೇ, "ಮೊಟ್ಟೆ ವಾಸ್ನೆ ಗೊತ್ತಾಗ್ದೇ ಇರತ್ತೇನೋ, ಮೊದಲ ದಿನವೇ ಒಂದು ಚೂರು ತಿಂದು ಪಕ್ಕಕ್ಕಿಟ್ಟೆ. ಆಮೇಲಿಂದು ನಂದೂ ನಿಮ್ಮಪ್ಪನೇ ತಿಂದ್ರು, ಚೆನ್ನಾಗಿದೆ ಚೆನ್ನಾಗಿದೆ ಅಂತ. ನೀನು ಹೇಳೋಕೆ ಹೋಗ್ಬೇಡ ಮತ್ತೆ".

ಅಪ್ಪ ವಾಪಸ್ ಬಂದು ಕೂತು, ಈ ಸಲ ಆ ತೆಂಗಿನ ಜಾಮಿನ ಬ್ರೆಡ್ ಯಾಕೋ ತರ್ಲೇ ಇಲ್ವಲ್ಲೋ ಅಂದ್ರು. ಅಂಗಡಿ ಮುಚ್ಚೋಯ್ತು ಅಂತ ಅಮ್ಮನೇ ಹೇಳಿದ್ರು.

ಜುರಾಂಗ್_ಅಕ್ಕ

ನಾನು ಹೇಳ್ಲಿಲ್ವಾ.

ಧಾರವಾಡ_ಫೇಡೆ

ಮೇಷ್ಟ್ರು ಮತ್ತ ಯಾವಾಗ ಬರ್ತಾರ ಹೇಳ್ರಿ, ನಮ್ಮವ್ವನೂ ಡಿಸೆಂಬರದಾಗ ಬರಾಕತ್ಯಾಳ. ಮತ್ತ ಮೊಟ್ಟಿ ಹಾಕದ ಕಾಯಾನೂ ಡಬ್ಬಿಯಾಗ ಸಿಗತೈತ್ರಿ, ಸೂಪರ್ ಮಾರ್ಕೆಟ್ನಾಗ ವೀಗನ್ ಅಂತ ಬರ್ದಿರ್ತಾರ, ಒಂದ ಡಬ್ಬಿ ಅರಸೀಕೆರಿಗೆ ಕಳಸ್ರಿ.